ಎಟಿವಿ ಕೆಳಗೆ, ಹುಡುಗರು ಮೇಲೆ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಹೋಂಸ್ಟೇಗಳಿಗೆ ಫೋನ್ ಮಾಡುವವರು ಮೊದಲು ಕೇಳುವುದು ರೂಮಿನ ಬಾಡಿಗೆ. ಅದರ ಬೆನ್ನಿಗೇ ಬರುವ ಪ್ರಶ್ನೆ, ‘ಎಟಿವಿ ಇದೆಯಾ?’. ನಾಲ್ಕು ದಪ್ಪ ಚಕ್ರದ ಆ ಗಾಡಿ ಈಗ ಕ್ಯಾಂಪ್ ಫೈರ್, ರೈನ್ ಡ್ಯಾನ್ಸ್‌ಗಳ ಪಟ್ಟಿಗೆ ಸೇರಿಕೊಂಡಿದೆ. ಹಗಲು ಓಡುವಾಗ ಅದು ಮಗುಚಿ ಬೀಳಬಹುದೆಂಬ ಭಯ ಎಲ್ಲರಿಗೂ ಇದೆ. ಹಾಗಾಗಿ ಹೆಲ್ಮೆಟ್ ಕೊಡುತ್ತಾರೆ, ‘ಏನಾದರೂ ಆದರೆ ನಾವೇ ಹೊಣೆ’ ಎಂಬ ಕಾಗದಕ್ಕೆ ಅತಿಥಿಗಳಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ರಾತ್ರಿ ಆ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು ಎನ್ನುವುದು ನನ್ನ ವಾದ. ಬಹಳ ಕಡೆ ಅದು ನಿಲ್ಲುವುದು ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ. ಆ ಶೆಡ್ಡಿನ ಅಟ್ಟದಲ್ಲಿ ಮಲಗುವವರು ಡಿಗ್ರಿ ಓದುತ್ತಿರುವ, ಇಲ್ಲವೇ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮಂಥ ಹುಡುಗರು.

ನಾನು ಹಾಸನದಲ್ಲಿ ಬಿ.ಕಾಂ ಕೊನೆಯ ವರ್ಷದಲ್ಲಿದ್ದೇನೆ. ಎರಡು ಸೀಸನ್‌ನಿಂದ ಶುಕ್ರವಾರ ಸಂಜೆ ಬಸ್ಸು ಹತ್ತಿ ಸಕಲೇಶಪುರದಾಚೆಯ ಒಂದು ಹೋಂಸ್ಟೇಗೆ ಹೋಗುತ್ತೇನೆ, ಸೋಮವಾರ ಬೆಳಿಗ್ಗೆ ಕ್ಲಾಸಿಗೆ ವಾಪಸ್. ಟ್ರೆಕ್ಕಿಂಗ್‌ಗೆ ಕರೆದುಕೊಂಡು ಹೋಗುವುದು, ಊಟ ಬಡಿಸುವುದು, ಎಟಿವಿಯಲ್ಲಿ ಅತಿಥಿಗಳ ಹಿಂದೆ ಕೂತು ತೋಟ ಸುತ್ತಿಸುವುದು ನಮ್ಮ ಕೆಲಸ. ಇಂಥ ಕೆಲಸ ಮಾಡುವ ಇನ್ನೂ ಕೆಲವು ಗೆಳೆಯರು ಬೇರೆ ಬೇರೆ ಕಡೆ ಇದ್ದಾರೆ. ಅವರು ಹೇಳುವ ಶೆಡ್ಡಿಗೂ ನಮ್ಮ ಶೆಡ್ಡಿಗೂ ದೊಡ್ಡ ವ್ಯತ್ಯಾಸವಿಲ್ಲ.

ನಮ್ಮದು ಹಿಂದೆ ಜೀಪು ನಿಲ್ಲಿಸುತ್ತಿದ್ದ ಜಾಗ. ಮೂರು ಕಡೆ ಗೋಡೆ, ಮುಂದೆ ರೋಲಿಂಗ್ ಶಟರ್. ಒಳಗೆ ಮೂರು ಎಟಿವಿ, ಕಳೆ ಹೊಡೆಯುವ ಮಷೀನು, ಎರಡು ಪ್ಲಾಸ್ಟಿಕ್ ಕ್ಯಾನ್ ತುಂಬ ಪೆಟ್ರೋಲು. ಕಾಫಿಯ ಗೋಣಿಚೀಲಗಳ ರಾಶಿ ಒಂದು ಮೂಲೆಯಲ್ಲಿ, ಕ್ಯಾಂಪ್ ಫೈರಿಗೆಂದು ಒಣಗಿಸಿಟ್ಟ ಸೌದೆ ಇನ್ನೊಂದು ಮೂಲೆಯಲ್ಲಿ. ಗೋಡೆಯ ಬುಡದಲ್ಲಿ ಯುಪಿಎಸ್ ಬ್ಯಾಟರಿ, ಅದರ ಪಕ್ಕ ನೀರಿನ ಮೋಟರಿನ ಸ್ಟಾರ್ಟರ್. ಹಿಂದಿನ ಗೋಡೆಯ ಮೇಲೆ ಗ್ಯಾಸ್ ಗೀಸರ್, ಯಾರಾದರೂ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಷ್ಟರ ಮೇಲೆ ಮರದ ಹಲಗೆಯ ಅಟ್ಟ. ಅಟ್ಟಕ್ಕೆ ಒಂದೇ ಏಣಿ, ಅದೂ ಶೆಡ್ಡಿನ ಒಳಗಿನಿಂದ.

ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತುವಷ್ಟು ಆವಿ ಅದರಿಂದ ಏಳುತ್ತದೆ ಎಂದಮೇಲೆ ನಮ್ಮ ಮಲೆನಾಡಿನ ಚಳಿ ಯಾವ ಲೆಕ್ಕ? ಗಾಳಿಯಲ್ಲಿ ಶೇ 1.4ರಷ್ಟು ಪೆಟ್ರೋಲ್ ಆವಿ ಬೆರೆತರೆ ಸಾಕು, ಬೆಂಕಿಗೆ ಸಿದ್ಧ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅಡುಗೆಮನೆಯ ಹೊಗೆಯ ಹಾಗೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಶಟರ್ ಎಳೆದ ಮೇಲೆ ಅದಕ್ಕೆ ಹೊರಹೋಗುವ ದಾರಿಯೂ ಕಡಿಮೆ. ಆಗ ನೆಲದ ಹತ್ತಿರವಿರುವ ಸ್ಟಾರ್ಟರಿನ ಒಂದು ಕಿಡಿ ಸಾಕಾಗುತ್ತದೆ. ಅಮೆರಿಕದ ಮನೆಗಳ ಗ್ಯಾರೇಜಿಗೆ ಅಲ್ಲಿನ ಮಾದರಿ ಕಟ್ಟಡ ನಿಯಮದಲ್ಲಿ ಒಂದು ಸಾಲಿದೆ: ಕಿಡಿ ಅಥವಾ ಜ್ವಾಲೆ ಹುಟ್ಟಿಸುವ ಉಪಕರಣ ನೆಲದಿಂದ ಕನಿಷ್ಠ 18 ಇಂಚು ಮೇಲಿರಬೇಕು. ಹದಿನೆಂಟೇ ಇಂಚು ಯಾಕೆ ಎಂದು ಮೊದಲು ಓದಿದಾಗ ಆಶ್ಚರ್ಯವಾಗಿತ್ತು. ಆವಿ ನೆಲ ಹಿಡಿದು ಹರಿಯುತ್ತದೆ ಎಂದು ಗೊತ್ತಾದ ಮೇಲೆ ನಮ್ಮ ಶೆಡ್ಡಿನ ಸ್ಟಾರ್ಟರನ್ನೇ ನೋಡುತ್ತ ನಿಂತಿದ್ದೆ. ಅದು ಮೊಣಕಾಲಿಗಿಂತ ಕೆಳಗಿದೆ.

ಎಟಿವಿಗೆ ಬೈಕಿಗಿಲ್ಲದ ಇನ್ನೂ ಒಂದು ಗುಣವಿದೆ. ಅದು ರಸ್ತೆಯ ಬದಲು ಹುಲ್ಲು, ಕೆಸರು, ತರಗೆಲೆಯ ಮೇಲೆ ಓಡುತ್ತದೆ. ನಮ್ಮ ತೋಟಗಳಲ್ಲಿ ಸಿಲ್ವರ್ ಓಕ್ ಎಲೆ ಬೇಸಿಗೆಯಲ್ಲಿ ಮೊಣಕಾಲುದ್ದ ಬಿದ್ದಿರುತ್ತದೆ. ಅದೆಲ್ಲ ಗಾಡಿಯ ಹೊಟ್ಟೆಯ ಕೆಳಗಿನ ತಗಡಿನ ಮೇಲೆ, ಸೈಲೆನ್ಸರ್ ಪಕ್ಕ ಸೇರಿಕೊಳ್ಳುತ್ತದೆ. ಓಡುವಾಗ ಗಾಳಿ ಬೀಸಿ ಸ್ವಲ್ಪ ತಂಪಾಗಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿಯಿಲ್ಲ, ಇಂಜಿನ್ನಿನ ಕಾವು ಮಾತ್ರ ಉಳಿಯುತ್ತದೆ. ಹೋದ ಫೆಬ್ರುವರಿಯ ಒಂದು ಶನಿವಾರ ಬೆನ್ನುಬೆನ್ನಿಗೆ ಐದು ರೌಂಡು ಓಡಿದ ಗಾಡಿಯನ್ನು ಸಂಜೆ ಒಳಗೆ ತಂದು ನಿಲ್ಲಿಸಲಾಯಿತು. ಮುಕ್ಕಾಲು ಗಂಟೆ ಕಳೆದಿರಬಹುದು, ಅಡುಗೆಯ ಅಕ್ಕ ‘ಏನೋ ಸುಟ್ಟ ವಾಸನೆ ಬರ್ತಿದೆ ಕಣ್ರೋ, ಸೌದೆ ಯಾರು ಹಚ್ಚಿದ್ದು?’ ಎಂದು ಕೂಗಿದರು. ಗಾಡಿಯ ಅಡಿಯಲ್ಲಿ ಒಂದು ಹಿಡಿ ಎಲೆ ಕೆಂಡವಾಗಿ ಹೊಗೆಯಾಡುತ್ತಿತ್ತು. ಪೆಟ್ರೋಲ್ ಕ್ಯಾನ್ ಅಲ್ಲಿಂದ ಎರಡು ಮಾರು ದೂರದಲ್ಲಿತ್ತು. ಇಬ್ಬರು ಹುಡುಗರು ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಅಂಗಳಕ್ಕೆ ತಳ್ಳಿದರು, ಅಲ್ಲಿಗೆ ಮುಗಿಯಿತು. ಅತಿಥಿಗಳಿಗೆ ಗೊತ್ತೇ ಆಗಲಿಲ್ಲ.

ಅದೇ ವಿಷಯ ತೆಗೆದಾಗ ಮಾಲೀಕರು ನಕ್ಕರು. ‘ಏನೂ ಆಗಲ್ಲ ಕಣೋ, ನಮ್ಮಪ್ಪನ ಕಾಲದಿಂದ ಜೀಪು ಅಲ್ಲೇ ನಿಲ್ತಿತ್ತು’. ಒಳ್ಳೆಯ ಮನುಷ್ಯ, ಸಂಬಳ ಒಂದು ದಿನವೂ ತಡಮಾಡಿದವರಲ್ಲ. ಆದರೆ ಜೀಪು ದಿನಕ್ಕೊಮ್ಮೆ ಸಂತೆಗೆ ಹೋಗಿ ಬರುತ್ತಿತ್ತು, ಅಟ್ಟದಲ್ಲಿ ಆಗ ಒಣ ಮೆಣಸಿನ ಮೂಟೆ ಇತ್ತು. ಈಗ ಅಲ್ಲಿರುವುದು ಮೂರು ಹಾಸಿಗೆ.

ಇದು ಅಗ್ಗದ ಗಾಡಿಗಳ ಕಾಯಿಲೆ, ದೊಡ್ಡ ಕಂಪನಿಯದ್ದಾದರೆ ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ಅಮೆರಿಕದ ಪೊಲಾರಿಸ್ ಈ ಬಗೆಯ ಮೋಜಿನ ವಾಹನಗಳಲ್ಲಿ ಬಹಳ ದೊಡ್ಡ ಹೆಸರು. 2016ರ ಏಪ್ರಿಲ್‌ನಲ್ಲಿ ಅದು ತನ್ನ ‘ಆರ್‌ಝಡ್‌ಆರ್’ ಮಾದರಿಯ ಸುಮಾರು 1,33,000 ವಾಹನಗಳನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು. ಓಡುತ್ತಿರುವಾಗಲೇ ಬೆಂಕಿ ಹೊತ್ತುತ್ತದೆ ಎಂಬುದು ದೂರು. ಅಷ್ಟರಲ್ಲಿ 160ಕ್ಕೂ ಹೆಚ್ಚು ಬೆಂಕಿ ಪ್ರಕರಣ, 19 ಜನರಿಗೆ ಗಾಯ, 15 ವರ್ಷದ ಒಬ್ಬ ಹುಡುಗಿಯ ಸಾವು ದಾಖಲಾಗಿದ್ದವು. ರಿಪೇರಿಯಾದ ಗಾಡಿಗಳೂ ಹೊತ್ತುತ್ತಿವೆ ಎಂದು 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮತ್ತು ಕಂಪನಿ ಒಟ್ಟಾಗಿ ಎಚ್ಚರಿಕೆ ಕೊಟ್ಟವು. ದೋಷದ ಸುದ್ದಿಯನ್ನು ಬೇಗ ತಿಳಿಸಲಿಲ್ಲವೆಂಬ ಆರೋಪಕ್ಕೆ 2018ರಲ್ಲಿ ಕಂಪನಿ 2.725 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ಅಲ್ಲಿ ಲೆಕ್ಕ ಇಡುವವರು ಒಬ್ಬರಿದ್ದರು ಎಂಬುದು ನನಗೆ ಮುಖ್ಯವಾಗಿ ಕಂಡದ್ದು. ನಮ್ಮ ತೋಟದ ಎಟಿವಿಗೆ ನಂಬರ್ ಪ್ಲೇಟಿಲ್ಲ, ರಸ್ತೆಗೆ ಇಳಿಯುವುದಿಲ್ಲ, ಆರ್‌ಟಿಒ ಮುಖ ನೋಡುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಹೊಗೆಯಾಡಿದ ಹಿಡಿ ಎಲೆ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಇಂಥ ಬೆಂಕಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಉರಿ ತಾಗಿ ಅಲ್ಲ, ಹೊಗೆಯಿಂದ. 2022ರ ಮಾರ್ಚ್‌ನಲ್ಲಿ ವೆಲ್ಲೂರಿನ ಮನೆಯೊಂದರಲ್ಲಿ ಚಾರ್ಜಿಗೆ ಹಾಕಿದ್ದ ಎಲೆಕ್ಟ್ರಿಕ್ ಬೈಕ್ ಹೊತ್ತಿಕೊಂಡು ಅಪ್ಪ, ಮಗಳು ಉಸಿರುಗಟ್ಟಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಲಾಡ್ಜ್ ಇದ್ದ ಕಟ್ಟಡದಲ್ಲಿ ಎಂಟು ಜನ ಸತ್ತರು. ಕೆಳಗೆ ಹುಟ್ಟಿದ ಹೊಗೆ ಮೆಟ್ಟಿಲ ದಾರಿಯನ್ನೇ ಹಿಡಿದು ರೂಮುಗಳಿಗೆ ಏರಿತ್ತು. ಅಲ್ಲಿ ಬ್ಯಾಟರಿ, ಇಲ್ಲಿ ಪೆಟ್ರೋಲು ಎಂಬ ವ್ಯತ್ಯಾಸವಿರಬಹುದು. ವಾಹನ ಕೆಳಗೆ, ನಿದ್ದೆ ಮಾಡುವವರು ಮೇಲೆ, ಇಳಿಯುವ ದಾರಿ ಒಂದೇ ಎಂಬ ಸ್ಥಿತಿ ಎರಡೂ ಕಡೆ ಒಂದೇ. ಪಟ್ಟಣದಲ್ಲಿ ಅಗ್ನಿಶಾಮಕ ವಾಹನ ಬೇಗ ಬರಬಹುದು. ತಾಲ್ಲೂಕು ಕೇಂದ್ರದಿಂದ ತಿರುವುಗಳ ದಾರಿಯಲ್ಲಿ, ಅದೂ ಕೊನೆಯ ಎರಡು ಕಿಲೊಮೀಟರ್ ತೋಟದ ಮಣ್ಣು ರಸ್ತೆಯಲ್ಲಿ ಅದು ಬರುವ ಹೊತ್ತಿಗೆ ಹಲಗೆಯ ಅಟ್ಟ ಉಳಿದಿರುವುದಿಲ್ಲ.

ಮಾಲೀಕರ ಕಷ್ಟ ಸುಳ್ಳಲ್ಲ. ಜೂನ್‌ನಿಂದ ಹಿಡಿದ ಮಳೆ ಬಿಡದೆ ಸುರಿಯುವ ಊರಿನಲ್ಲಿ ಲಕ್ಷಗಟ್ಟಲೆ ಬೆಲೆಯ ಗಾಡಿಯನ್ನು ಅಂಗಳದಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಕಳ್ಳರ ಭಯವೂ ಇದೆ. ಆದರೆ ಗೋಡೆ ಬೇಕೆಂದಿಲ್ಲ. ಮನೆಯಿಂದ ದೂರ ನಾಲ್ಕು ಕಂಬ ನೆಟ್ಟು ಮೇಲೆ ಶೀಟು ಹಾಕಿ, ಸುತ್ತ ತೆರೆದೇ ಬಿಟ್ಟು, ಚೈನು ಬೀಗ ಜಡಿದರೆ ಮಳೆಗೂ ಕಳ್ಳರಿಗೂ ಸಾಕು. ಆವಿಗೆ ಹೋಗಲು ದಾರಿ ಇರುತ್ತದೆ. ಅದಾಗುವ ತನಕವೂ ಮಾಡಬಹುದಾದದ್ದು ಬೇಕಾದಷ್ಟಿದೆ. ಓಡಿದ ಗಾಡಿಯನ್ನು ಇಂಜಿನ್ ತಣಿಯುವವರೆಗೆ ಬಯಲಲ್ಲೇ ನಿಲ್ಲಿಸಿ, ಹೊಟ್ಟೆಯಡಿಯ ಎಲೆ ಕೆಸರು ತೆಗೆದು, ಆಮೇಲೆ ಒಳಗೆ ತರುವುದು. ಕಾರ್ಬೊರೇಟರ್ ಇರುವ ಗಾಡಿಯಾದರೆ ಪೆಟ್ರೋಲ್ ನಾಬ್ ಆಫ್ ಮಾಡುವುದು. ಕಾರ್ಬೊರೇಟರ್ ಓವರ್‌ಫ್ಲೋ ಆದರೆ ರಾತ್ರಿಯಿಡೀ ಪೈಪಿನಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಾದರೆ ವೈರನ್ನು ಇಲಿ ಕಡಿದಿದೆಯೇ ಎಂದು ನೋಡದೆ ಕೀ ತಿರುಗಿಸಬಾರದು. ಮಲೆನಾಡಿನ ಇಲಿಗಳಿಗೆ ವೈರೆಂದರೆ ಅದೇನು ಪ್ರೀತಿಯೋ.

ಪ್ಲಾಸ್ಟಿಕ್ ಕ್ಯಾನಿನ ಬಗ್ಗೆ ಕಾನೂನೇ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ 30 ಲೀಟರ್‌ವರೆಗೆ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಬಿಗಿಯಾದ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ್ದಾಗಿರಬೇಕು. ಗಾಜು, ಪಿಂಗಾಣಿಯದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ಬಂಕಿನಿಂದ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತರುವವರೆಲ್ಲರೂ ಇದನ್ನು ಒಮ್ಮೆ ಓದಬೇಕು. ಶೆಡ್ಡಿನ ಬಾಗಿಲ ಹೊರಗೆ ಒಂದು ಎಬಿಸಿ ಪೌಡರಿನ ಫೈರ್ ಎಕ್ಸ್‌ಟಿಂಗ್ವಿಶರ್ ಇರಬೇಕು. ಒಳಗಿಟ್ಟರೆ ಬೆಂಕಿ ದಾಟಿ ಹೋಗಿ ತರಬೇಕಾಗುತ್ತದೆ. ಪೆಟ್ರೋಲ್ ಬೆಂಕಿಗೆ ಕೊಡದಿಂದ ನೀರು ಎರಚಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನೇ ಹರಡುತ್ತದೆ.

ಇದೆಲ್ಲ ಮಾಲೀಕರ ಒಳ್ಳೆಯತನಕ್ಕೆ ಬಿಡುವ ವಿಷಯವಲ್ಲ. ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಲ್ಲ, ಆಗ ಇನ್ನೆರಡು ಪ್ರಶ್ನೆ ಕೇಳಲಿ. ವಾಹನ ಮತ್ತು ಇಂಧನ ರಾತ್ರಿ ಎಲ್ಲಿರುತ್ತವೆ? ಕೆಲಸದವರು ಎಲ್ಲಿ ಮಲಗುತ್ತಾರೆ? ಈ ಎರಡೂ ಉತ್ತರ ಒಂದೇ ಸೂರಿನಡಿ ಬಂದರೆ ಅನುಮತಿ ಕೊಡಬಾರದು.

ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿ ಪಿಜಿಯಲ್ಲಿ ಉಳಿಯುವ ಗೆಳೆಯರಿಗೂ ಇದು ದೂರದ ಮಾತಲ್ಲ. ಮೆಟ್ಟಿಲ ಕೆಳಗೆ ಹದಿನೈದು ಬೈಕು, ಮೀಟರ್ ಬೋರ್ಡಿನ ಪಕ್ಕದಲ್ಲೇ ಚಾರ್ಜಿಗೆ ಹಾಕಿದ ಸ್ಕೂಟರು, ರಾತ್ರಿ ಹತ್ತೂವರೆಗೆ ಬೀಗ ಬೀಳುವ ಗೇಟು. ಅಡ್ವಾನ್ಸ್ ಕೊಡುವ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತೇವೆ, ಬಿಸಿನೀರು ಎಷ್ಟು ಗಂಟೆಗೆ ಎಂದು ಕೇಳುತ್ತೇವೆ. ಗೇಟಿನ ಇನ್ನೊಂದು ಕೀ ಯಾರ ಹತ್ತಿರ ಇದೆ, ಟೆರೇಸಿನ ಬಾಗಿಲು ರಾತ್ರಿ ತೆರೆದಿರುತ್ತದೆಯೇ ಎಂದು ಕೇಳಲು ಇನ್ನರ್ಧ ನಿಮಿಷ ಸಾಕು.

ನಮ್ಮ ಹೋಂಸ್ಟೇಯಲ್ಲಿ ಈಗ ಪ್ಲಾಸ್ಟಿಕ್ ಕ್ಯಾನ್ ಹೋಗಿ ತಗಡಿನ ಜೆರಿಕ್ಯಾನ್ ಬಂದಿದೆ, ಅದು ಅಂಗಳದಾಚೆಯ ಖಾಲಿ ಕೊಟ್ಟಿಗೆಯಲ್ಲಿದೆ. ಗಾಡಿಗಳು ಇನ್ನೂ ಶೆಡ್ಡಿನಲ್ಲೇ ಇವೆ. ಮಳೆ ನಿಂತ ಮೇಲೆ ಶೀಟು ಹಾಕಿಸುತ್ತೇನೆ ಎಂದು ಮಾಲೀಕರು ಹೇಳಿದ್ದಾರೆ, ಜಾಗವನ್ನೂ ತೋರಿಸಿದ್ದಾರೆ. ಅಲ್ಲಿಯವರೆಗೆ ನಾವು ಮೂವರು ಅಟ್ಟ ಹತ್ತುತ್ತಿಲ್ಲ. ಅತಿಥಿಗಳು ಎದ್ದುಹೋದ ಮೇಲೆ ಊಟದ ಹಾಲ್‌ನಲ್ಲಿ ಟೇಬಲ್ ಸರಿಸಿ ಹಾಸಿಗೆ ಹಾಕಿಕೊಳ್ಳುತ್ತೇವೆ.