ಪೂರ್ವಭಾವಿ ಸಭೆಯಲ್ಲೇ ಹುಟ್ಟುವ ಕಸ

ತಾಲ್ಲೂಕು ಸಾಹಿತ್ಯ ಸಮ್ಮೇಳನದ ಕಸ ಹುಟ್ಟುವುದು ಊಟದ ಪಂಕ್ತಿ ಎದ್ದ ಮೇಲಲ್ಲ. ತಿಂಗಳೊಪ್ಪತ್ತು ಮೊದಲೇ, ಪೂರ್ವಭಾವಿ ಸಭೆಯಲ್ಲಿ. ನೀರಿನ ಬಾಟಲಿ ಎಷ್ಟು ಪೆಟ್ಟಿಗೆ, ಸ್ವಾಗತ ಕಮಾನಿಗೆ ಫ್ಲೆಕ್ಸೋ ಬಟ್ಟೆಯೋ, ಅತಿಥಿಗಳಿಗೆ ಹಾರ-ತುರಾಯಿ ಎಷ್ಟು, ಊಟಕ್ಕೆ ಎಂಥ ತಾಟು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಸಮ್ಮೇಳನದ ಮರುದಿನ ಪೌರಕಾರ್ಮಿಕರು ಗುಡಿಸುವುದು ಆ ತೀರ್ಮಾನಗಳನ್ನೇ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನಕ್ಕೆ ಕಸ ಉಳಿಸದ ಕೂಟ ಹೊಸದೇನಲ್ಲ. ಎಳ್ಳ ಅಮಾವಾಸ್ಯೆಯ ದಿನ ಬಂಧು-ಬಳಗವೆಲ್ಲ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ, ಅರಿವೆಯ ಗಂಟಿನಲ್ಲಿ ಬರುತ್ತವೆ. ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಂಗೈಯಲ್ಲಿ ರೊಟ್ಟಿ ಹಿಡಿದು ಅದರ ಮೇಲೆಯೇ ಪಲ್ಯ ಹಾಕಿಸಿಕೊಂಡು ಉಂಡರೆ ತಾಟಿನ ಹಂಗೇ ಇಲ್ಲ. ಸಂಜೆ ಬುಟ್ಟಿ, ಅರಿವೆ ಎರಡೂ ಮನೆಗೆ ಮರಳುತ್ತವೆ. ಈಗೀಗ ಆ ಬುಟ್ಟಿಯ ಜೊತೆ ಬಳಸಿ ಎಸೆಯುವ ತಾಟು-ಲೋಟಗಳೂ ಹೊಲ ಸೇರುತ್ತಿವೆ. ಎರೆಮಣ್ಣಿನಲ್ಲಿ ಅವು ವರ್ಷಗಟ್ಟಲೆ ಕರಗದೆ ಉಳಿಯುತ್ತವೆ.

ಊಟದ ಪಟ್ಟಿ ಬರೆಯುವಾಗಲೇ ಅರ್ಧ ಕೆಲಸ ಮುಗಿಯಬೇಕು. ಅನ್ನ-ಸಾರು ಮಿಕ್ಕರೆ ವಿಜಯಪುರದ ಬಿಸಿಲಿಗೆ ಸಂಜೆಯೊಳಗೆ ಹಳಸುತ್ತದೆ; ಕಟಕ ರೊಟ್ಟಿ, ಶೇಂಗಾ ಹಿಂಡಿ ವಾರಗಟ್ಟಲೆ ಕೆಡುವುದಿಲ್ಲ. ಎಷ್ಟು ಜನ ಬರುತ್ತಾರೆಂದು ಖಾತ್ರಿ ಇಲ್ಲದ ಕಡೆ ಇದಕ್ಕಿಂತ ಜಾಣ ಅಡುಗೆ ಬೇರೆ ಇಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹ ಇದನ್ನು ಲಕ್ಷಾಂತರ ಜನರ ನಡುವೆ ತೋರಿಸಿಕೊಟ್ಟಿದೆ. ಸುತ್ತಲ ಹಳ್ಳಿಗಳವರು ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿಗಳನ್ನು ಬಂಡಿ, ಟ್ರ್ಯಾಕ್ಟರುಗಳಲ್ಲಿ ತಂದು ಮಠಕ್ಕೆ ಒಪ್ಪಿಸುತ್ತಾರೆ. ದಾಸೋಹವನ್ನು ನಾಡಿಗೆ ಸಾರಿದ ಬಸವಣ್ಣನ ಹುಟ್ಟೂರಿನಲ್ಲಿ, ಬಾಗೇವಾಡಿಯ ಶ್ರಾವಣದ ಜಾತ್ರೆಯಲ್ಲಿ, ಈ ಕ್ರಮ ಇನ್ನಷ್ಟು ಬೆಳೆಯಲೇಬೇಕು.

ಕಾನೂನಂತೂ ಎಂದೋ ಬಂದಿದೆ. 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ತಾಟು, ಲೋಟ, ಚಮಚ, ಥರ್ಮೊಕೋಲ್, ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿತು. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿ ಇಲ್ಲದ ಜಾಗದಲ್ಲಿ ನಡೆಸುವವರು ಕನಿಷ್ಠ 3 ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ಬೇರ್ಪಡಿಸಬೇಕು ಎಂದು ಅದೇ ವರ್ಷದ ಕೇಂದ್ರ ಘನತ್ಯಾಜ್ಯ ನಿಯಮ ಹೇಳಿತು. ಆದರೂ ಕಮಾನುಗಳಿಂದ ಫ್ಲೆಕ್ಸ್ ಇಳಿಯಲಿಲ್ಲ. ಅದು ಪಿವಿಸಿ, ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಮ್ಮುತ್ತದೆ. ಬಟ್ಟೆಯ ಮೇಲೆ ಕೈಯಿಂದ ಬರೆಸಿ, ವರ್ಷ ಮತ್ತು ಅಧ್ಯಕ್ಷರ ಹೆಸರಿಗೆ ಬೇರೆ ಪಟ್ಟಿ ಹೊಲಿಸಿದರೆ ಅದೇ ಕಮಾನು ಹತ್ತು ಸಮ್ಮೇಳನ ಕಾಣುತ್ತದೆ. ಊರಿನ ಬೋರ್ಡ್ ಬರೆಯುವ ಕಲಾವಿದನಿಗೂ ಕೆಲಸ ಸಿಗುತ್ತದೆ.

ಹಾರ-ತುರಾಯಿ ಬೇಡವೆಂದು 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ತನ್ನ ಸಮಾರಂಭಗಳಿಗೆ ಆದೇಶ ಹೊರಡಿಸಿತು, ಬದಲಿಗೆ ಕನ್ನಡ ಪುಸ್ತಕ ಕೊಡಬಹುದೆಂದಿತು. 2023ರಲ್ಲಿ ಸಿದ್ದರಾಮಯ್ಯನವರೂ ಅದನ್ನೇ ಕೇಳಿಕೊಂಡರು. ಆಡಳಿತಗಾರರಿಗೆ ಹೊಳೆದದ್ದು ಸಾಹಿತ್ಯ ವೇದಿಕೆಗಳಿಗೆ ಮೊದಲೇ ಹೊಳೆಯಬೇಕಿತ್ತು. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತಮಗೆ ಸ್ಮಾರಕವೇ ಬೇಡವೆಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಲಕ್ಷಾಂತರ ಜನ ಸೇರಿದ್ದ ಅಂತ್ಯಕ್ರಿಯೆ ಅವರ ಇಚ್ಛೆಯಂತೆಯೇ ನಡೆಯಿತು. ಅಂಥ ಜಿಲ್ಲೆಯ ವೇದಿಕೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಸ್ಮರಣಿಕೆಗಳ ರಾಶಿ ಶೋಭಿಸುವುದಿಲ್ಲ.

ಸ್ಟೀಲ್ ತಾಟು ತರಿಸಿ ಎಂದರೆ ಎದುರಾಗುವ ಪ್ರಶ್ನೆ: ತೊಳೆಯಲು ನೀರೆಲ್ಲಿದೆ? ಜಿಲ್ಲೆಯ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಹರಿದರೂ ನಡುವಿನ ಹಳ್ಳಿಗಳಲ್ಲಿ ಬೇಸಿಗೆಗೆ ಟ್ಯಾಂಕರ್ ಕಾಯಬೇಕು. ಪ್ರಶ್ನೆ ನ್ಯಾಯವಾದದ್ದೇ. ನೀರಿಲ್ಲದ ಕಡೆ ಮುತ್ತುಗದ ಎಲೆಯ ಪತ್ರಾವಳಿ ಸರಿ. ಉಂಡ ಮೇಲೆ ಅದು ತಿಪ್ಪೆಗೆ ಸೇರಿ ಗೊಬ್ಬರವಾಗುತ್ತದೆ. ಹಿಂಬದಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಎಲೆಗಳೂ ಪೇಟೆಯಲ್ಲಿವೆ, ಕೊಳ್ಳುವವರು ತಿರುಗಿಸಿ ನೋಡಬೇಕು. ಕಾಗದದ ಚಹಾ ಲೋಟಕ್ಕೂ ಒಳಗೆ ಪ್ಲಾಸ್ಟಿಕ್ ಪದರವಿದೆ. ಅದರಲ್ಲಿ 15 ನಿಮಿಷ ಇಟ್ಟ 100 ಮಿಲಿಲೀಟರ್ ಬಿಸಿ ದ್ರವಕ್ಕೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಸೇರುತ್ತವೆಂದು ಖರಗಪುರ ಐಐಟಿಯ ಸಂಶೋಧಕರು ಕಂಡುಕೊಂಡಿದ್ದಾರೆ.

ನೀರಿರುವ ಕಡೆ ಸ್ಟೀಲೇ ಮೇಲು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ತಾಟು-ಲೋಟ ಎರವಲು ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ. 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕೇರಳ ಹಸಿರು ನಿಯಮಾವಳಿ ರೂಪಿಸಿ ಬಳಸಿ ಎಸೆಯುವ ವಸ್ತುಗಳನ್ನು ದೂರವಿಟ್ಟಿತು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ತಾಟು-ಲೋಟ ಎರವಲು ಕೊಡುವುದು ಪರಿಚಿತ ಏರ್ಪಾಡು: ದಾನಿಗಳ ಹೆಸರು ಕೆತ್ತಿದ ಗುಡಿಯ ಬಾಂಡೆ ಸಾಮಾನು ಊರಿನ ಮದುವೆ-ಮುಂಜಿಗಳಿಗೆಲ್ಲ ಒದಗುತ್ತಿತ್ತು. ಅದನ್ನು ಸ್ತ್ರೀಶಕ್ತಿ ಸಂಘಗಳಿಗೆ ವಹಿಸಿ ಬಾಡಿಗೆಗೆ ಕೊಡಿಸಬಹುದು.

79ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು 2013ರಲ್ಲಿ ನಡೆಸಿದ ಜಿಲ್ಲೆಗೆ ಇವೆಲ್ಲ ಮೀರಿದ ಕೆಲಸಗಳಲ್ಲ. ಮುಂದಿನ ಪೂರ್ವಭಾವಿ ಸಭೆಯ ಖರ್ಚಿನ ಪಟ್ಟಿಯಿಂದ ಬಾಟಲಿ ನೀರು, ತುರಾಯಿಗಳ ಮೊತ್ತ ತೆಗೆಯಬೇಕು. ಆ ಜಾಗದಲ್ಲಿ ತಾಟು ತೊಳೆಯುವವರ, ಕಸದ ಬುಟ್ಟಿಗಳ ಪಕ್ಕ ನಿಂತು ಬೇರ್ಪಡಿಸುವವರ ಕೂಲಿಯನ್ನು ಬರೆಯಬೇಕು. ಆ ಕೂಲಿ ಕಾರ್ಯಕ್ರಮ ಮುಗಿದ ಸಂಜೆಯೇ ಅವರ ಕೈ ಸೇರಬೇಕು.