ಊರಿಗೆ ಕಳಿಸಿದರೆ ಚಟ ಬಿಡುವುದಿಲ್ಲ

ಹೊರನಾಡಿನಲ್ಲಿ ದುಡಿಯುವ ನಮ್ಮ ಹುಡುಗನೊಬ್ಬ ಬ್ರೌನ್ ಶುಗರ್‌ಗೋ ನೋವಿನ ಮಾತ್ರೆಗೋ ದಾಸನಾಗಿದ್ದಾನೆಂದು ಗೊತ್ತಾದರೆ ಕನ್ನಡ ಬಳಗದಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: 'ಕೆಲಸ ಬಿಡಿಸಿ ಊರಿಗೆ ಕಳಿಸಿ. ಅಪ್ಪ-ಅಮ್ಮನ ಕಣ್ಣೆದುರು ಇದ್ದರೆ ಸರಿ ಹೋಗ್ತಾನೆ. ಆಮೇಲೆ ಒಂದು ಮದುವೆ ಮಾಡಿದರಾಯ್ತು.' ಪುಣೆಗೆ ಬಂದ ಮೇಲೆ ಈ ಮಾತನ್ನು ಹಲವು ಸಲ ಕೇಳಿದ್ದೇನೆ. ಕಾಳಜಿಯಿಂದಲೇ ಆಡುವ ಮಾತು. ಆದರೆ ಓಪಿಯಾಯ್ಡ್ ಚಟದ ವಿಷಯದಲ್ಲಿ ಇದು ಜೀವಕ್ಕೇ ಕುತ್ತಾಗಬಹುದು.

ಅಫೀಮು, ಹೆರಾಯಿನ್, ಬ್ರೌನ್ ಶುಗರ್, ಟ್ರಮಡಾಲ್, ಕೊಡೀನ್ ಎಲ್ಲವೂ ಇದೇ ಗುಂಪಿನವು. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಾರೆ. ನೆರವು ಬೇಕಾದವರೇ ಸುಮಾರು 77 ಲಕ್ಷ. ಇದು ಪಂಜಾಬಿನವರ ತೊಂದರೆ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಚಟ ಬೇರೂರಿದ ಮೇಲೆ ಮನುಷ್ಯ ಮತ್ತಿಗಿಂತ ಹೆಚ್ಚಾಗಿ ನರಳಾಟ ತಪ್ಪಿಸಿಕೊಳ್ಳಲು ತೆಗೆದುಕೊಳ್ಳುತ್ತಾನೆ. ಡೋಸ್ ತಪ್ಪಿದರೆ ಮೈಕೈ ನೋವು, ಭೇದಿ, ಕಣ್ಣು-ಮೂಗಲ್ಲಿ ನೀರು, ನಿದ್ದೆಯಿಲ್ಲ. ಮನೆಯಲ್ಲಿ ಕೂಡಿಹಾಕಿದರೆ ವಾರ-ಹತ್ತು ದಿನದಲ್ಲಿ ಇದು ಇಳಿಯುತ್ತದೆ. ಮನೆಯವರು ಗೆದ್ದೆವೆಂದುಕೊಳ್ಳುತ್ತಾರೆ. ಅಪಾಯ ಶುರುವಾಗುವುದೇ ಅಲ್ಲಿಂದ. ಆಸೆ ಉಳಿದಿರುತ್ತದೆ, ದೇಹದ ತಾಳಿಕೆ ಮಾತ್ರ ಕುಸಿದಿರುತ್ತದೆ. ಊರಿಂದ ಮರಳಿದವನು ಹಳೆಯ ಅಳತೆಯಲ್ಲೇ ಒಮ್ಮೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಇದಕ್ಕೆ ಔಷಧವಿದೆ. ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆ, ಕುಡಿಯುವ ಮೆಥಡೋನ್ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ನರಳಾಟ, ಆಸೆ ಎರಡೂ ತಗ್ಗುತ್ತವೆ. ನಿದ್ದೆ ಬರುತ್ತದೆ, ಕೆಲಸಕ್ಕೂ ಹೋಗಬಹುದು. 'ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸಿದಂತಲ್ಲವೇ?' ಎಂದು ಕೇಳುವವರಿದ್ದಾರೆ. ಸಕ್ಕರೆ ಕಾಯಿಲೆಯವರು ದಿನಾ ಇನ್ಸುಲಿನ್ ತೆಗೆದುಕೊಂಡರೆ ಅದನ್ನು ಚಟ ಎನ್ನುತ್ತೇವೆಯೇ? ಈ ಚಿಕಿತ್ಸೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಸಾಗುತ್ತದೆ. ಮತ್ತೆ ಮತ್ತೆ ಒಪಿಡಿಗೆ ಹೋಗಬೇಕು. ಹಾಗಾಗಿ ಸಂಬಳವೂ ಆಸ್ಪತ್ರೆಯೂ ಇರುವ ಊರಿನಲ್ಲೇ ಅದು ನಡೆಯುವುದು ಲೇಸು.

ನಾವಿರುವ ನಗರಗಳಲ್ಲಿ ದಾರಿಗಳಿವೆ. ದೆಹಲಿಯವರಿಗೆ ಗಾಜಿಯಾಬಾದ್‌ನಲ್ಲಿರುವ ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರ, ಮುಂಬೈಯಲ್ಲಿ ಕೆಇಎಂ ಆಸ್ಪತ್ರೆ, ಹೈದರಾಬಾದಿನ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆ, ಚೆನ್ನೈಯಲ್ಲಿ ಟಿಟಿಕೆ ಆಸ್ಪತ್ರೆ, ಪುಣೆಯಲ್ಲಿ 1986ರಿಂದ ಇರುವ ಮುಕ್ತಾಂಗಣ. ಎಲ್ಲ ಕಡೆ ಎಲ್ಲ ಔಷಧವೂ ಇರುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಖಾಸಗಿ ಕೇಂದ್ರವಾದರೆ ಇನ್ನೂ ಮೂರು ಪ್ರಶ್ನೆ ಕೇಳಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ? ಮನೋವೈದ್ಯರು ಬರುತ್ತಾರೆಯೇ? ಮನೆಯವರು ಭೇಟಿ ಮಾಡಬಹುದೇ? ಕಟ್ಟಿಹಾಕಿ ಬಡಿಯುವುದು ಚಿಕಿತ್ಸೆಯಲ್ಲ, ಅಪರಾಧ.

ಮನಸ್ಸು ಬಿಚ್ಚಲು ಮಾತ್ರ ತಾಯ್ನುಡಿಯೇ ಬೇಕು. ಅದಕ್ಕೂ ಊರಿಗೆ ಓಡಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡ ಆರಿಸಿಕೊಂಡು ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಪೊಲೀಸ್, ಆಫೀಸು ಎಂಬ ಭಯ ಅನೇಕರನ್ನು ಬಾಗಿಲಲ್ಲೇ ತಡೆಯುತ್ತದೆ. ಅಲ್ಪ ಪ್ರಮಾಣದ ಪ್ರಕರಣವಿದ್ದರೂ, ತಾನಾಗಿ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ, ರಕ್ತದಾನಕ್ಕೆ ಒಂದೇ ಮೆಸೇಜಿಗೆ ನೂರು ಜನ ಸೇರಿಸುತ್ತವೆ. ಹತ್ತಿರದ ಆಸ್ಪತ್ರೆಗಳ ವಿವರವನ್ನೂ ಈ ಎರಡು ನಂಬರ್‌ಗಳನ್ನೂ ಗ್ರೂಪಿನಲ್ಲಿ ಹಾಕಿಡುವುದು ದೊಡ್ಡ ಕೆಲಸವೇನಲ್ಲ. ಇನ್ನು ಮುಂದೆ ಇಂಥ ಸುದ್ದಿ ಕಿವಿಗೆ ಬಿದ್ದಾಗ ಊರಿನ ಬಸ್ ಎಷ್ಟು ಹೊತ್ತಿಗೆ ಎಂದು ವಿಚಾರಿಸುವ ಮೊದಲು ಒಪಿಡಿ ಎಷ್ಟು ಹೊತ್ತಿಗೆ ಎಂದು ವಿಚಾರಿಸೋಣ.