ಉದ್ಘಾಟನೆಯ ಮಾರನೆಯ ದಿನ

ಚಿಕ್ಕಬಳ್ಳಾಪುರದ ಪಕ್ಕದ ಕಳವಾರ ಗ್ರಾಮದ ಬೆಟ್ಟವನ್ನು ಈಗಿನವರು ಸ್ಕಂದಗಿರಿ ಎನ್ನುತ್ತಾರೆ. ಹಳಬರ ಬಾಯಲ್ಲಿ ಅದು ಕಳವಾರ ದುರ್ಗ. ಈ ಬೆಟ್ಟ, ನಂದಿ ಬೆಟ್ಟ ಹಾಗೂ ಸುತ್ತಲಿನ ಗಿರಿಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ, ಅರ್ಕಾವತಿ ನದಿಗಳು ಹುಟ್ಟುತ್ತವೆ ಎಂದು ಮಕ್ಕಳು ಪಾಠದಲ್ಲಿ ಓದುತ್ತಾರೆ. ಆದರೆ ಇಷ್ಟೊಂದು ನದಿಗಳ ತವರಾದ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿಕೊಟ್ಟ ಹಾಗೆ ಮಳೆಗಾಲದ ನೀರೆಲ್ಲ ಹೊರಟುಹೋಗುತ್ತದೆ. ಊರಿನವರ ಪಾಲಿಗೆ ಉಳಿಯುವುದು ಕೊಳವೆ ಬಾವಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಆದ್ದರಿಂದಲೇ ಈ ಕಡೆಯ ರೋಟರಿ, ಲಯನ್ಸ್‌ನಂತಹ ಸೇವಾ ಸಂಸ್ಥೆಗಳ ಮುಂದೆ ಕಣ್ಣಿನ ತಪಾಸಣೆ, ರಕ್ತದಾನ ಶಿಬಿರ, ನೋಟ್‌ಪುಸ್ತಕ ವಿತರಣೆಗಳ ಜೊತೆಗೆ ಇನ್ನೊಂದು ಕೆಲಸವೂ ಇದೆ: ಶಾಲೆಗಳಿಗೆ, ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರು. ಈ ಕೆಲಸ ನಿಜವಾಗಿ ಫಲ ಕೊಡಬೇಕಾದರೆ ದಾನಿಗಳೂ ಪೋಷಕರೂ ಹಲ್ಲು ಬೆಳೆಯುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು.

ಕಲ್ಲಿನಿಂದ ನೀರಿಗೆ, ನೀರಿನಿಂದ ಹಲ್ಲಿಗೆ

ಈ ಭಾಗದ ನೆಲದಡಿಯಲ್ಲಿರುವುದು ಗ್ರಾನೈಟ್ ಜಾತಿಯ ಗಟ್ಟಿ ಶಿಲೆ. ಅದರಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಶಿಲೆಯ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಅದು ಸ್ವಲ್ಪ ಸ್ವಲ್ಪವಾಗಿ ಕರಗಿ ನೀರಿಗೆ ಸೇರುತ್ತದೆ. ಬಾವಿಗಳನ್ನು ಆಳಕ್ಕೆ ಕೊರೆದಷ್ಟೂ ಹೀಗೆ ಬಹುಕಾಲದಿಂದ ಕಲ್ಲಿನ ಸಂಗದಲ್ಲಿದ್ದ ನೀರು ಮೇಲೆ ಬರುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೇರೆ ನೀರು ಸಿಗದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. 1.5 ಮಿಲಿಗ್ರಾಂ ಎಂದರೆ ಎಷ್ಟು? ಸಾವಿರ ಲೀಟರಿನ ತೊಟ್ಟಿಯಲ್ಲಿ ಒಂದೂವರೆ ಗ್ರಾಂ, ಅಂದರೆ ಸುಮಾರು ಕಾಲು ಚಮಚ ಉಪ್ಪಿನ ತೂಕ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಇಷ್ಟು ಪ್ರಮಾಣದಲ್ಲಿ ರುಚಿಯೂ ತಿಳಿಯುವುದಿಲ್ಲ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಮನೆಯ ಸಾಧಾರಣ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಅದು ಹೋಗದು.

ಹಲ್ಲಿನ ಮೇಲೆ ಎನಾಮಲ್ ಎಂಬ ಗಟ್ಟಿ ಹೊರಕವಚವಿದೆ. ಅದು ತಯಾರಾಗುವುದು ಹಲ್ಲು ಇನ್ನೂ ವಸಡಿನೊಳಗೆ ಇರುವಾಗಲೇ. ಆ ಹೊತ್ತಿನಲ್ಲಿ ಮಗುವಿನ ದೇಹಕ್ಕೆ ಫ್ಲೋರೈಡ್ ಅತಿಯಾಗಿ ಸೇರಿದರೆ ಕವಚ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹೊರಬಂದಾಗ ಅದರ ಮೇಲೆ ಸುಣ್ಣ ಬಳಿದಂತಹ ಬಿಳಿ ಗೆರೆಗಳು, ತೀವ್ರವಾದರೆ ಹಳದಿ, ಕಂದು ಕಲೆಗಳು ಮತ್ತು ಸಣ್ಣ ಕುಳಿಗಳು ಕಾಣುತ್ತವೆ. ಎಷ್ಟು ಉಜ್ಜಿದರೂ ಈ ಕಲೆ ಹೋಗದು. ಇದನ್ನರಿಯದ ಹಿರಿಯರು "ಸರಿಯಾಗಿ ಹಲ್ಲುಜ್ಜುವುದಿಲ್ಲ" ಎಂದು ಮಕ್ಕಳನ್ನೇ ಗದರಿಸುವುದುಂಟು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗ ಹುಡುಗಿಯರ ಸಂಕಟಕ್ಕೆ ಅವರ ಸೋಮಾರಿತನ ಕಾರಣವಲ್ಲ.

ಇಲ್ಲಿ ಗಮನಿಸಬೇಕಾದದ್ದು ವಯಸ್ಸು. ಮುಂಭಾಗದ ಶಾಶ್ವತ ಹಲ್ಲುಗಳ ಕವಚ ರೂಪುಗೊಳ್ಳುವುದು ಮಗು ಹುಟ್ಟಿದ ಕೆಲವು ತಿಂಗಳಿಂದ ಸುಮಾರು ಐದು ವರ್ಷದೊಳಗೆ. ಉಳಿದ ಹಲ್ಲುಗಳಲ್ಲಿ ಹೆಚ್ಚಿನವು ಎಂಟು ವರ್ಷದ ಹೊತ್ತಿಗೆ ಈ ಹಂತ ದಾಟಿರುತ್ತವೆ. ಆದರೆ ಮುಂಭಾಗದ ಹಲ್ಲು ಹೊರಗೆ ಕಾಣುವುದು ಏಳೆಂಟನೆಯ ವರ್ಷದಲ್ಲಿ. ಅಂದರೆ ಎರಡು ವರ್ಷದ ಕೂಸು ಇಂದು ಕುಡಿದ ನೀರಿನ ಫಲ ಅದರ ಬಾಯಲ್ಲಿ ಕಾಣಿಸಿಕೊಳ್ಳಲು ಐದಾರು ವರ್ಷ ಬೇಕು. ದೊಡ್ಡವರಾದ ಮೇಲೂ ಇಂತಹ ನೀರನ್ನೇ ಕುಡಿಯುತ್ತಿದ್ದರೆ ಕಾಲಕ್ರಮದಲ್ಲಿ ಮೂಳೆ, ಕೀಲುಗಳಿಗೆ ಹಾನಿಯಾಗಬಹುದಾದ್ದರಿಂದ ಶುದ್ಧ ನೀರು ಎಲ್ಲರಿಗೂ ಬೇಕು. ಹಲ್ಲಿನ ಮಟ್ಟಿಗಂತೂ ಮೊದಲ ಪಾಲು ಚಿಕ್ಕ ಮಕ್ಕಳದು.

ಅಧ್ಯಕ್ಷರ ವರ್ಷ, ಯಂತ್ರದ ವರ್ಷ

ಸೇವಾ ಸಂಸ್ಥೆಗಳ ಚರಿತ್ರೆ ದೊಡ್ಡದು. 1905ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಕೆಲವು ಗೆಳೆಯರೊಡನೆ ರೋಟರಿಯನ್ನು ಆರಂಭಿಸಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ಆ ಹೆಸರು ಬಂತು. ಅವರು ಮೊದಲು ಕೈಗೆತ್ತಿಕೊಂಡ ಊರ ಕೆಲಸಗಳಲ್ಲಿ ಒಂದು ಸಾರ್ವಜನಿಕ ಶೌಚಾಲಯ ಎಂಬುದು ಗಮನಾರ್ಹ. ಲಯನ್ಸ್ ಸಂಸ್ಥೆ 1917ರಲ್ಲಿ ಹುಟ್ಟಿತು. 1925ರಲ್ಲಿ ಹೆಲೆನ್ ಕೆಲ್ಲರ್ ಅದರ ಸಮ್ಮೇಳನದಲ್ಲಿ ಮಾಡಿದ ಮನವಿಯಿಂದ ಅಂಧರ ಸೇವೆ ಆ ಸಂಸ್ಥೆಯ ಮುಖ್ಯ ಕಾರ್ಯವಾಯಿತು. ತಾಲ್ಲೂಕು ಕೇಂದ್ರಗಳಲ್ಲಿ ಇಂತಹ ಸಂಸ್ಥೆಗಳ ಸದಸ್ಯರು ವರ್ತಕರು, ವೈದ್ಯರು, ವಕೀಲರು, ಉಪಾಧ್ಯಾಯರು. ತಮ್ಮ ಕಸುಬಿನ ನಡುವೆ ಬಿಡುವು ಮಾಡಿಕೊಂಡು, ಜೇಬಿನಿಂದಲೂ ಹಣ ಹಾಕಿ ಕೆಲಸ ಮಾಡುವ ಇವರನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ಒಂದು ತೊಡಕಿದೆ. ಈ ಎರಡೂ ಸಂಸ್ಥೆಗಳ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಸಾಮಾನ್ಯವಾಗಿ ಪ್ರತಿ ಜುಲೈನಲ್ಲಿ ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿಗಳು, ಹೊಸ ಯೋಜನೆಗಳು. ಫ್ಲೋರೈಡ್ ತೆಗೆಯಲು ಬಳಸುವ ಆರ್.ಓ. ಯಂತ್ರದ ಲೆಕ್ಕವೇ ಬೇರೆ. ಅದರಲ್ಲಿ ನೀರನ್ನು ಬಲವಾದ ಒತ್ತಡದಿಂದ ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಲಾಗುತ್ತದೆ; ನೀರು ದಾಟುತ್ತದೆ, ಲವಣಗಳ ಬಹುಪಾಲು ಹಿಂದೆ ಉಳಿಯುತ್ತದೆ. ಗಡಸು ನೀರಿನಲ್ಲಿ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ನೋಡಿಕೊಂಡರೂ ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕಾಗುತ್ತದೆ. ಹೀಗಾಗಿ ಯಂತ್ರ ಕೊಟ್ಟವರ ಅವಧಿಯಲ್ಲಿ ಪೊರೆ ಹೊಸದಾಗಿಯೇ ಇರುತ್ತದೆ. ಅದು ಸವೆಯುವ ಹೊತ್ತಿಗೆ ಕುರ್ಚಿಯಲ್ಲಿ ಇರುವವರು ಬೇರೆ. ನಾಮಫಲಕ ಉಳಿದು ನೀರು ನಿಂತುಹೋದರೆ ತಪ್ಪು ಯಾರೊಬ್ಬರದೂ ಆಗಿರುವುದಿಲ್ಲ. ನಷ್ಟ ಮಾತ್ರ ಮಕ್ಕಳದು. ಯಂತ್ರ ಎರಡು ವರ್ಷ ಕೆಟ್ಟು ಕುಳಿತರೆ, ಆ ಎರಡು ವರ್ಷ ಎನಾಮಲ್ ಕಟ್ಟಿಕೊಳ್ಳುತ್ತಿದ್ದ ಕೂಸುಗಳಿಗೆ ಮತ್ತೊಂದು ಅವಕಾಶವಿಲ್ಲ. ಅನಂತರ ಎಂತಹ ಒಳ್ಳೆಯ ಯಂತ್ರ ತಂದಿಟ್ಟರೂ ಆ ಕಲೆ ಅಳಿಯದು.

ಒಂದೇ ಕೆಲಸ, ಇಪ್ಪತ್ತೊಂಬತ್ತು ವರ್ಷ

ಅಧ್ಯಕ್ಷರು ಬದಲಾದರೂ ಕೆಲಸ ಕೈಬಿಡದೆ ನಡೆಯಬಹುದು ಎಂಬುದಕ್ಕೆ ಪೋಲಿಯೊ ನಿದರ್ಶನ. ಜಗತ್ತಿನ ಮಕ್ಕಳನ್ನು ಪೋಲಿಯೊದಿಂದ ಕಾಪಾಡುವ ಕಾರ್ಯಕ್ರಮವನ್ನು ರೋಟರಿ 1985ರಲ್ಲಿ ಕೈಗೊಂಡಿತು. 1988ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಜನರಿಗೆ, ಬಹುಪಾಲು ಮಕ್ಕಳಿಗೆ, ಈ ರೋಗದಿಂದ ಅಂಗವೈಕಲ್ಯ ಬರುತ್ತಿತ್ತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಆರಂಭವಾಯಿತು. ಲಸಿಕೆ ಹಾಕುವ ದೊಡ್ಡ ಹೊರೆಯನ್ನು ಹೊತ್ತದ್ದು ಸರ್ಕಾರ, ಆರೋಗ್ಯ ಸಿಬ್ಬಂದಿ, ಅಂಗನವಾಡಿ ಕಾರ್ಯಕರ್ತೆಯರು. ಅವರ ಪಕ್ಕದಲ್ಲಿ ರೋಟರಿ ಸದಸ್ಯರು ಹಣಕ್ಕೂ ಪ್ರಚಾರಕ್ಕೂ ನಿಂತರು. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು. 1985ರಿಂದ 2014ಕ್ಕೆ ಇಪ್ಪತ್ತೊಂಬತ್ತು ವರ್ಷ. ಅಷ್ಟೂ ಕಾಲ ಅಧ್ಯಕ್ಷರು ಬದಲಾಗುತ್ತಲೇ ಇದ್ದರು, ಕೆಲಸ ಬದಲಾಗಲಿಲ್ಲ. ಅದೇ ಪಟ್ಟು ಕುಡಿಯುವ ನೀರಿಗೂ ಬೇಕು.

ಏನು ಮಾಡಬಹುದು?

ಮೊದಲನೆಯದಾಗಿ, ಕೊಡುವ ನೀರು ಪುಟ್ಟ ಮಕ್ಕಳಿಗೆ ತಲುಪಬೇಕು. ಪ್ರೌಢಶಾಲೆಯಲ್ಲಿ ಯಂತ್ರ ಇಟ್ಟರೆ ಅಲ್ಲಿನ ವಿದ್ಯಾರ್ಥಿಗಳಿಗೆ ಒಳ್ಳೆಯದೇ, ಆದರೆ ಅವರ ಮುಂದಿನ ಹಲ್ಲುಗಳ ಕಾಲ ಮುಗಿದಿರುತ್ತದೆ. ಮನೆಯಲ್ಲಿರುವ ತಮ್ಮ, ತಂಗಿಯರಿಗಾಗಿ ದಿನಕ್ಕೊಂದು ಬಾಟಲಿ ಶುದ್ಧ ನೀರು ಕೊಂಡೊಯ್ಯಲು ಶಾಲೆ ಅವಕಾಶ ಮಾಡಿಕೊಟ್ಟರೆ, ಅಂಗನವಾಡಿಗೂ ಒಂದು ನಲ್ಲಿ ಹಾಕಿಸಿದರೆ ಅದೇ ಖರ್ಚಿಗೆ ಹೆಚ್ಚು ಫಲ.

ಎರಡನೆಯದಾಗಿ, ಮಳೆ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 70,000 ಲೀಟರ್ ಆಯಿತು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 56,000 ಲೀಟರ್ ಕೈಗೆ ಬರುತ್ತದೆ. ಮೂವತ್ತು ಮಕ್ಕಳ ಅಂಗನವಾಡಿಯಲ್ಲಿ ಕುಡಿಯಲು, ಅಡುಗೆಗೆ ತಲೆಗೆ ಎರಡು ಲೀಟರಿನಂತೆ 300 ದಿನಕ್ಕೆ ಬೇಕಾಗುವುದು 18,000 ಲೀಟರ್ ಮಾತ್ರ. ಸೋಸುವ ವ್ಯವಸ್ಥೆ, ಮುಚ್ಚಳವಿರುವ ತೊಟ್ಟಿ, ರೋಗಾಣು ಕೊಲ್ಲುವ ಕ್ರಮ ಇದ್ದರೆ ಸಾಕು. ಇಲ್ಲಿ ಪೊರೆಯ ತಾಪತ್ರಯವಿಲ್ಲ.

ಮೂರನೆಯದಾಗಿ, ನಿರ್ವಹಣೆಯ ಹಣ. ಯಂತ್ರದ ಬೆಲೆಯ ಜೊತೆಗೇ ಮೂರು ವರ್ಷದ ದುರಸ್ತಿಗೆ ಬೇಕಾದ ಮೊತ್ತವನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡಬೇಕು. ನಾಲ್ಕು ಯಂತ್ರಗಳಿಗೆ ಹಣವಿದ್ದರೆ ಮೂರನ್ನೇ ಕೊಟ್ಟು ಉಳಿದುದನ್ನು ನಿರ್ವಹಣೆಗೆ ಮೀಸಲಿಡುವುದು ಜಾಣತನ. ಯಂತ್ರ ಹೊರಹಾಕುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ. ಅದನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದೇ ಹೊರತು ಬಾವಿಗೆ ಇಂಗಿಸಬಾರದು.

ನಾಲ್ಕನೆಯದು ವಿದ್ಯಾರ್ಥಿಗಳ ಪಾಲು. 12ರಿಂದ 18 ವರ್ಷದವರಿಗಾಗಿ ರೋಟರಿಯ ಆಶ್ರಯದಲ್ಲಿ ಇಂಟರ‍್ಯಾಕ್ಟ್ ಕ್ಲಬ್‌ಗಳಿವೆ. ಲಯನ್ಸ್‌ಗೆ ಲಿಯೋ ಕ್ಲಬ್‌ಗಳಿವೆ. ಅವು ಇಲ್ಲದ ಕಡೆ ಶಾಲೆಯ ವಿಜ್ಞಾನ ಸಂಘ ಸಾಕು. ಬಣ್ಣ ಹೋಲಿಸಿ ಫ್ಲೋರೈಡ್ ಅಳೆಯುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ತಿಂಗಳಿಗೊಮ್ಮೆ ಯಂತ್ರಕ್ಕೆ ಹೋಗುವ ನೀರು, ಅದರಿಂದ ಬರುವ ನೀರು ಎರಡನ್ನೂ ಪರೀಕ್ಷಿಸಿ ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಬೇಕು. ಟಿ.ಡಿ.ಎಸ್. ಮೀಟರ್ ಒಟ್ಟು ಲವಣಾಂಶದ ಅಂದಾಜನ್ನು ಮಾತ್ರ ಕೊಡುತ್ತದೆ. ಫ್ಲೋರೈಡ್ ಎಷ್ಟೆಂದು ಅದರಿಂದ ತಿಳಿಯದು. ಅಂಕಿ ಏರುತ್ತಾ ಬಂದರೆ ಪೊರೆ ಸೋಲುತ್ತಿದೆ ಎಂದು ಅರ್ಥ. ಪ್ರತಿ ಜುಲೈನಲ್ಲಿ ಹೊಸ ಅಧ್ಯಕ್ಷರು ಪದಗ್ರಹಣ ಮಾಡಿದಾಗ ಹಾರ-ತುರಾಯಿಯ ಜೊತೆ ಈ ಪುಸ್ತಕವನ್ನೂ ಅವರ ಕೈಗೆ ಕೊಟ್ಟರೆ ಹಳೆಯ ಕೆಲಸ ಹೊಸಬರದೂ ಆಗುತ್ತದೆ.

ಊರು ಉಪಕಾರ ಅರಿಯದು ಎಂಬ ಗಾದೆಯಿದೆ. ಊರು ಅರಿಯದಿದ್ದರೂ ಚಿಂತೆಯಿಲ್ಲ. ಇಂದು ಅಂಗನವಾಡಿಗೆ ಹೋಗುತ್ತಿರುವ ಮಗು ಆರು ವರ್ಷದ ಬಳಿಕ ಯಾವ ಅಳುಕೂ ಇಲ್ಲದೆ ಬಾಯ್ತುಂಬ ನಕ್ಕರೆ, ಯಂತ್ರ ಕೊಟ್ಟವರ ಜೊತೆಗೆ ಅದರ ಪೊರೆ ಬದಲಾಯಿಸಿದವರ ಸೇವೆಯೂ ಸಾರ್ಥಕ.